ನಗರದ ನೀರು, ನಾಳೆಯ ಲೆಕ್ಕ

ಮಳೆಯನ್ನು ನಂಬಿ ಬಿತ್ತುವ ರೈತನು ಕಣಜದ ಕಾಳನ್ನೆಲ್ಲ ಒಂದೇ ಹದಮಳೆಗೆ ಹೊಲಕ್ಕೆ ಚೆಲ್ಲಿಬಿಡುವುದಿಲ್ಲ. ಮೊದಲ ಬಿತ್ತನೆ ಒಣಗಿದರೆ ಮರುಬಿತ್ತನೆಗೆ ಇರಲೆಂದು ಒಂದಿಷ್ಟನ್ನು ಉಳಿಸಿಕೊಳ್ಳುತ್ತಾನೆ. ನಾಳೆಯನ್ನು ತಾನು ಅರಿಯೆನೆಂಬ ಅರಿವೇ ಅವನ ವಿವೇಕ. ನಗರಗಳಿಗೆ ನೀರನ್ನು ಒದಗಿಸುವವರಿಗೂ ಈ ವಿವೇಕವು ಬೇಕು.

ಬೆಂಗಳೂರನ್ನೇ ನೋಡೋಣ. ದೊಡ್ಡ ನದಿಯ ದಡದಲ್ಲಿಲ್ಲದ ಈ ನಗರಕ್ಕೆ 1896ರಲ್ಲಿ ಹೆಸರಘಟ್ಟದಿಂದ ನೀರು ಬಂದಿತು. ಅದು ಸಾಲದಾಗಲು 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವು ಸಿದ್ಧವಾಯಿತು. 1974ರಲ್ಲಿ ಕಾವೇರಿಯೇ ಊರಿಗೆ ಬಂದಳು. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಆ ನೀರನ್ನು ಏರಿಸಬೇಕು. ಪ್ರತಿಯೊಂದು ಕೊಡದಲ್ಲಿಯೂ ವಿದ್ಯುತ್ತಿನ ವೆಚ್ಚವು ಅಡಗಿದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಜನರು ಟ್ಯಾಂಕರುಗಳ ಹಾದಿ ಕಾಯಬೇಕಾಯಿತು. ದಿನಕ್ಕೆ 77.5 ಕೋಟಿ ಲೀಟರು ನೀರು ತರುವ ಕಾವೇರಿಯ ಐದನೆಯ ಹಂತವು ಉದ್ಘಾಟನೆಗೊಂಡದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಈ ನಡುವಣ ತಿಂಗಳುಗಳ ದಂಡವನ್ನು ಹೆಚ್ಚಾಗಿ ತೆತ್ತವರು ಯಾರು? ನೀರು ತುಂಬಿಡಲು ತೊಟ್ಟಿಯಿಲ್ಲದ ಬಡವರು.

ಹಾಗಾದರೆ ಎಲ್ಲವನ್ನೂ ಮೊದಲೇ ಕಟ್ಟಿಡಬಾರದೇಕೆ? ಆಸ್ಟ್ರೇಲಿಯದ ಮೆಲ್ಬರ್ನ್ ನಗರಕ್ಕಾಗಿ, ದೀರ್ಘವಾದ ಬರಗಾಲಕ್ಕೆ ಅಂಜಿ, ಕಡಲನೀರನ್ನು ಸಿಹಿಗೊಳಿಸುವ ಭಾರಿ ಸ್ಥಾವರವನ್ನು ಕಟ್ಟಿದರು. 2012ರಲ್ಲಿ ಅದು ಮುಗಿಯುವ ವೇಳೆಗೆ ಮಳೆ ಬಂದು ಜಲಾಶಯಗಳು ಚೇತರಿಸಿಕೊಂಡಿದ್ದವು. ಸ್ಥಾವರವು ಹಲವು ವರ್ಷ ಸುಮ್ಮನಿದ್ದಿತು. ಅದರ ಹಣವನ್ನು ಮಾತ್ರ ಜನರು ಕಟ್ಟುತ್ತಲೇ ಇರಬೇಕಾಯಿತು. ಮುಂದೆ ಅದು ಉಪಯೋಗಕ್ಕೆ ಬಂದಿತೆಂಬುದೂ ನಿಜವೇ. ಆದರೆ ತಡಮಾಡಿದರೆ ಹೇಗೆ ದಂಡವುಂಟೋ ಆತುರಪಟ್ಟರೂ ಹಾಗೆಯೇ ದಂಡವುಂಟು.

ಆದುದರಿಂದ ದೊಡ್ಡ ಕಾಮಗಾರಿಗಳನ್ನು ಹಂತಹಂತವಾಗಿ ಕೈಗೊಳ್ಳುವುದೇ ಲೇಸೆಂದು ನನ್ನ ಅಭಿಪ್ರಾಯ. ಜಾಗವನ್ನೂ ನಕ್ಷೆಯನ್ನೂ ಮುಂಚೆಯೇ ಸಿದ್ಧಪಡಿಸಿಟ್ಟುಕೊಂಡರೆ, ಅಗತ್ಯವು ಕಂಡೊಡನೆ ಕೆಲಸವನ್ನು ಆರಂಭಿಸಬಹುದು. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಸೋರುವ ಕೊಳವೆಗಳನ್ನು ಸರಿಪಡಿಸುವುದು, ಕೆರೆಗಳನ್ನು ಕಾಪಾಡುವುದು, ಮಾಳಿಗೆಯ ಮಳೆನೀರನ್ನು ಹಿಡಿಯುವುದು, ಬಳಸಿದ ನೀರನ್ನು ಶುದ್ಧಿಗೊಳಿಸಿ ಮತ್ತೆ ಬಳಸುವುದು: ಮಳೆ ಹೆಚ್ಚಲಿ, ಕುಗ್ಗಲಿ, ಇವು ವ್ಯರ್ಥವಾಗಲಾರವು. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಲ್ಲಿ ಕೋಲಾರದ ಬತ್ತಿದ ಕೆರೆಗಳಿಗೆ ಹರಿಯತೊಡಗಿತು. ಕೊಳಚೆಯೆಂದು ತಳ್ಳಿದ್ದೇ ನೆರೆಯ ಜಿಲ್ಲೆಗೆ ಆಸರೆಯಾಯಿತು.

ಬರುವ ವರ್ಷದ ಮಳೆಯನ್ನು ಮುಂಗಾಣುವ ಶಕ್ತಿಯು ನಮಗಿಲ್ಲ. ಲೆಕ್ಕವು ತಪ್ಪಿದಾಗ ತಿದ್ದಿಕೊಳ್ಳುವ ಅವಕಾಶವನ್ನಾದರೂ ನಾವು ಉಳಿಸಿಕೊಳ್ಳಬೇಕು. ಕಣಜದ ಮೂಲೆಯಲ್ಲಿ ರೈತನು ಉಳಿಸಿಟ್ಟ ಆ ಹಿಡಿ ಬೀಜವು ನಗರಗಳಿಗೆ ಕಲಿಸುವ ಪಾಠವು ಇದೇ.