ಬೆಂಗಳೂರಿನ ಉಳಿತಾಯ, ಕೋಲಾರದ ಖರ್ಚು

ಕೋಲಾರದವರು ಕೃತಜ್ಞರಾಗಿರಬೇಕಂತೆ. ಬೆಂಗಳೂರಿನ ಕೊಳಚೆಯನ್ನು ಎರಡನೇ ಹಂತದವರೆಗಷ್ಟೇ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರಿನ ಮಾತು ಎತ್ತಿದಾಗಲೆಲ್ಲ ಅಧಿಕಾರದಲ್ಲಿರುವವರಿಂದ ಬರುವ ಉತ್ತರ ಇದೊಂದೇ: ಬತ್ತಿದ ಕೆರೆ ತುಂಬಿಲ್ಲವೇ, ಸತ್ತ ಬೋರ್‌ವೆಲ್‌ಗೆ ಜೀವ ಬಂದಿಲ್ಲವೇ, ಇನ್ನೇನು ನಿಮ್ಮ ತಕರಾರು? ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂದು ಕೇಳಿದವನಿಗೆ ಅಭಿವೃದ್ಧಿ ವಿರೋಧಿ ಎಂಬ ಹಣೆಪಟ್ಟಿ ಕಟ್ಟಿ ಕಳಿಸುತ್ತಾರೆ.

ಕೆರೆ ತುಂಬಿದೆ, ನಿಜ. ಅಂತರ್ಜಲ ಮೇಲೆ ಬಂದಿದೆ, ಅದೂ ನಿಜ. ಸದಾ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ಇದು. ಸಾವಿರದೈನೂರು ಅಡಿ ಕೊರೆಸಿದರೂ ಬರೀ ಧೂಳು ಎದ್ದ ಹೊಲಗಳಲ್ಲಿ ಇವತ್ತು ಟೊಮೆಟೊ ಇದೆ. ಆ ರೈತನ ಸಂತೋಷದ ಬಗ್ಗೆ ಯಾರಿಗೂ ಹೊಟ್ಟೆಕಿಚ್ಚಿಲ್ಲ. ಆದರೆ ಆ ಸಂತೋಷವನ್ನು ಮುಂದಿಟ್ಟುಕೊಂಡು ಅವನ ಬಾಯಿ ಮುಚ್ಚಿಸುವುದಿದೆಯಲ್ಲ, ಅದು ಅನ್ಯಾಯ. ಬೆಂಗಳೂರಿಗೆ ತನ್ನ ಕೊಳಚೆಯನ್ನು ಎಲ್ಲಿಗಾದರೂ ಸಾಗಹಾಕಲೇಬೇಕಿತ್ತು. ಆ ಕೊಳಚೆ ಸೇರುತ್ತಿದ್ದ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಬಿತ್ತು, 2017ರಲ್ಲಿ ಕೆರೆ ಮತ್ತೆ ಹೊತ್ತಿಕೊಂಡಿತು, 2018ರ ಜನವರಿಯಲ್ಲಿ ಆರಿಸಲು ಸೇನೆಯ ಯೋಧರೇ ಇಳಿಯಬೇಕಾಯಿತು. ಅದೇ ವರ್ಷ ಜೂನ್‌ನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಪೈಪಿನಲ್ಲಿ ನೀರು ಬಂತು. ದಿನಕ್ಕೆ 44 ಕೋಟಿ ಲೀಟರ್ ಯೋಜನೆ. ಇದರಲ್ಲಿ ಯಾರು ಯಾರಿಗೆ ಉಪಕಾರ ಮಾಡಿದರು?

ಜುಲೈನಲ್ಲಿ ಲಕ್ಷ್ಮೀಸಾಗರದಲ್ಲಿ ನೊರೆ ಎದ್ದಿತು. ಬೆಂಗಳೂರಿನ ವರ್ತೂರು ಕೆರೆಯಿಂದ ರಸ್ತೆಗೆ ಹಾರಿ ಬರುತ್ತಿದ್ದಂಥದ್ದೇ ಬಿಳಿ ನೊರೆ, ಈಗ ದನ ನೀರು ಕುಡಿಯುವ ಕೆರೆಯಲ್ಲಿ. ಹೈಕೋರ್ಟು ತಡೆ ಕೊಟ್ಟಿತು, ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೊನೆಗೆ ನೀರು ಹರಿಯಿತು, ಮೂರನೇ ಹಂತದ ಶುದ್ಧೀಕರಣ ಮಾತ್ರ ಬರಲಿಲ್ಲ.

ಎರಡನೇ ಹಂತ ಎಂದರೆ ಕೊಳಚೆಯಲ್ಲಿರುವ ಕೊಳೆಯುವ ಪದಾರ್ಥವನ್ನು ಬ್ಯಾಕ್ಟೀರಿಯಾಗಳಿಗೆ ತಿನ್ನಿಸಿ, ಗಸಿಯನ್ನು ಕೆಳಗಿಳಿಸಿ, ತಿಳಿಯನ್ನು ಹೊರಬಿಡುವುದು. ನೈಟ್ರೇಟ್, ರಂಜಕ, ಕಾರ್ಖಾನೆಯಿಂದ ಕದ್ದು ಬಿಟ್ಟ ಭಾರಲೋಹ, ನಗರ ನುಂಗಿ ಹೊರಹಾಕಿದ ಔಷಧಗಳ ಅಂಶ, ಇವನ್ನೆಲ್ಲ ತೆಗೆಯುವ ಕೆಲಸ ಅದರದ್ದಲ್ಲ. ಅದಕ್ಕೆ ಮುಂದಿನ ಹಂತ ಬೇಕು. ಸಿಂಗಪುರ ಕೊಳಚೆ ನೀರನ್ನು ಸೂಕ್ಷ್ಮ ಶೋಧಕ, ರಿವರ್ಸ್ ಆಸ್ಮೋಸಿಸ್, ನೇರಳಾತೀತ ಕಿರಣ ಎಲ್ಲವನ್ನೂ ದಾಟಿಸಿ 2003ರಿಂದ ಬಳಸುತ್ತಿದೆ. ಬೆಂಗಳೂರಿಗೆ ಆ ಖರ್ಚು ಬೇಡವಾಯಿತು.

ಬೇಡವಾದ ಆ ಖರ್ಚು ಎಲ್ಲಿ ಹೋಯಿತು? ನನ್ನ ಪ್ರಶ್ನೆ ಇದೊಂದೇ, ಇದನ್ನು ಎಷ್ಟು ಸಲ ಬೇಕಾದರೂ ಕೇಳುತ್ತೇನೆ. ಮೂರನೇ ಹಂತದ ಘಟಕ ಕಟ್ಟದೆ ಉಳಿಸಿದ ಪ್ರತಿ ರೂಪಾಯಿಯೂ ಮತ್ತೊಬ್ಬನ ಲೆಕ್ಕಕ್ಕೆ ಬಿದ್ದಿದೆ. ಕೋಲಾರದ ಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ನಿಂತು ನೋಡಿ. ಹೆಂಗಸರು ಐದು ರೂಪಾಯಿ ನಾಣ್ಯ ತೂರಿಸಿ ಇಪ್ಪತ್ತು ಲೀಟರ್ ಕ್ಯಾನ್ ತುಂಬಿಸಿಕೊಂಡು ಸೊಂಟಕ್ಕೇರಿಸುತ್ತಾರೆ. ಅಂತರ್ಜಲದ ಫ್ಲೋರೈಡ್ ತೆಗೆಯಲೆಂದು ಬಂದ ಆ ಘಟಕಗಳ ತಲೆಗೇ ಈಗ ರಾಜಧಾನಿಯ ಕೊಳಚೆಯ ಕೊನೇ ಹಂತವನ್ನೂ ಕಟ್ಟಿದ್ದಾರೆ. ಕೂಲಿ ಮಾಡುವವಳು ದಿನಾ ನಾಣ್ಯ ಹಾಕಿ ಬೆಂಗಳೂರಿನ ಬಾಕಿ ತೀರಿಸುತ್ತಿದ್ದಾಳೆ. ಒಬ್ಬರ ವಹಿವಾಟಿನ ನಷ್ಟ ಆ ವಹಿವಾಟಿಗೆ ಸಂಬಂಧವೇ ಇಲ್ಲದವರ ಮೇಲೆ ಬೀಳುವುದನ್ನು ಪಿಗೂ ಎಂಬ ಅರ್ಥಶಾಸ್ತ್ರಜ್ಞ 1920ರಲ್ಲೇ ಪುಸ್ತಕದಲ್ಲಿ ಬರೆದಿಟ್ಟ. ನಮ್ಮ ಯೋಜನಾ ಇಲಾಖೆಗೆ ಇನ್ನೂ ಅದು ತಲುಪಿಲ್ಲ.

'ಇದು ಇಂಗಿಸಲು ಮಾತ್ರ, ಕುಡಿಯಲು ಅಲ್ಲ' ಎನ್ನುತ್ತಾರೆ. ಇಂಗಿದ ನೀರು ಎಲ್ಲಿಗೆ ಹೋಗುತ್ತದೆ? ಪಂಚಾಯಿತಿಯ ಕುಡಿಯುವ ನೀರಿನ ಬೋರ್‌ವೆಲ್ ಅದೇ ಗಟ್ಟಿ ಬಂಡೆಯ ಅದೇ ಬಿರುಕುಗಳಿಂದ ನೀರೆಳೆಯುತ್ತದೆ. ಕೆರೆ ಕೆಟ್ಟರೆ ಹೂಳೆತ್ತಬಹುದು, ಸಾವಿರ ಅಡಿ ಕೆಳಗಿನ ಬಿರುಕನ್ನು ತೊಳೆಯುವವರು ಯಾರು?

ತೊಳೆಯಲಾಗದು ಎಂಬುದಕ್ಕೆ ಸಾಕ್ಷಿ ಹತ್ತಿರದಲ್ಲೇ ಇದೆ. ಕೋಲಾರ ದಾಟಿ ಹೋಗುವ ಪಾಲಾರ್ ನದಿಯ ಕೆಳಹರಿವಿನಲ್ಲಿ, ತಮಿಳುನಾಡಿನ ವೆಲ್ಲೂರು ಸೀಮೆಯಲ್ಲಿ, ಚರ್ಮ ಹದ ಮಾಡುವ ಕಾರ್ಖಾನೆಗಳು ಅಂತರ್ಜಲವನ್ನು ಹಾಳುಮಾಡಿದವು. ಅವೂ ಉದ್ಯೋಗ ಕೊಟ್ಟಿದ್ದವು, ವಿದೇಶಿ ವಿನಿಮಯ ತಂದಿದ್ದವು. ಅದನ್ನು ಒಪ್ಪಿಕೊಂಡೇ ಸುಪ್ರೀಂ ಕೋರ್ಟು 1996ರಲ್ಲಿ ಕೆಡಿಸಿದವನೇ ತೆರಬೇಕು, ನೊಂದವರಿಗೆ ಪರಿಹಾರವಷ್ಟೇ ಅಲ್ಲ, ಕೆಟ್ಟ ಪರಿಸರವನ್ನು ಸರಿಪಡಿಸುವ ಖರ್ಚನ್ನೂ ತೆರಬೇಕು ಎಂದಿತು. ಚರ್ಮದ ಕಾರ್ಖಾನೆಗೆ ಅನ್ವಯಿಸುವ ನ್ಯಾಯ ಒಂದು ಮಹಾನಗರಕ್ಕೆ ಏಕಿಲ್ಲ? ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ನದಿ ಬೈರಮಂಗಲ ಕೆರೆಯನ್ನು ಏನು ಮಾಡಿತು ಎಂದು ಬಿಡದಿ ಕಡೆಯ ರೈತರನ್ನು ಕೇಳಿ.

ಬಯಲುಸೀಮೆಯ ಹೆಸರಿನಲ್ಲಿ ಸರ್ಕಾರಗಳು ದುಡ್ಡು ಸುರಿಯದೇ ಇಲ್ಲ. ಪಶ್ಚಿಮಘಟ್ಟದ ನೀರನ್ನು ಇತ್ತ ತಿರುಗಿಸುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಅಡಿಗಲ್ಲು ಹಾಕಿದರು. ಅಂದಾಜು 23 ಸಾವಿರ ಕೋಟಿ ದಾಟಿತು, ಪಶ್ಚಿಮಘಟ್ಟ ಬಗೆದದ್ದಾಯಿತು, 2024ರಲ್ಲಿ ಸಕಲೇಶಪುರದಲ್ಲಿ ಮೊದಲ ಹಂತಕ್ಕೆ ಬಾಗಿನವನ್ನೂ ಬಿಟ್ಟರು. ಅಷ್ಟು ದುಡ್ಡು ಸುರಿಯಲು ಧೈರ್ಯವಿರುವವರಿಗೆ ಮೂರನೇ ಹಂತದ ಘಟಕ ಮಾತ್ರ ದುಬಾರಿ ಎನಿಸುತ್ತದೆ. ದುಡ್ಡಿಲ್ಲವೆಂದಲ್ಲ, ಕೋಲಾರದ ಜನರ ಆರೋಗ್ಯಕ್ಕೆ ಇವರ ಲೆಕ್ಕದಲ್ಲಿ ಬೆಲೆಯಿಲ್ಲ.

ಬೆಂಗಳೂರಿನ ನೀರಿನ ಬಿಲ್ಲಿನಲ್ಲಿ ಒಳಚರಂಡಿ ಶುಲ್ಕ ಆಗಲೇ ಇದೆ. ಮೂರನೇ ಹಂತದ ಖರ್ಚನ್ನು ಅದಕ್ಕೇ ಸೇರಿಸಿ. ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತಿಸಿಕೊಂಡು ಕುಡಿಯುವ ಊರು ಅದನ್ನು ತೊಳೆದು ಮುಂದಕ್ಕೆ ಕಳಿಸುವ ದುಡ್ಡನ್ನೂ ಕೊಡಬೇಕು. ಘಟಕ ಏಳುವವರೆಗೆ ಪ್ರತಿ ಕೆರೆಯ, ಅದರ ಕೆಳಗಿನ ಪ್ರತಿ ಕುಡಿಯುವ ನೀರಿನ ಬೋರ್‌ವೆಲ್‌ನ ಪರೀಕ್ಷಾ ವರದಿಯನ್ನು ತಿಂಗಳಿಗೊಮ್ಮೆ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿ. ನೈಟ್ರೇಟ್ ಎಷ್ಟು, ಸೀಸ ಎಷ್ಟು, ಕ್ರೋಮಿಯಂ ಎಷ್ಟು, ಕನ್ನಡದಲ್ಲಿ, ಸಹಿ ಹಾಕಿದ ಅಧಿಕಾರಿಯ ಹೆಸರಿನೊಂದಿಗೆ.