ಕಳ್ಳಭಟ್ಟಿಗೂ ಒಂದು ಕಾದಂಬರಿ ಬೇಕು

ನಮ್ಮ ಐತಿಹಾಸಿಕ ಕಾದಂಬರಿಗಳಲ್ಲಿ ಕೋಟೆಗಳಿವೆ, ಕುದುರೆಗಳಿವೆ, ಪಟ್ಟದರಾಣಿಯರ ಕಣ್ಣೀರಿದೆ. ಗಳಗನಾಥರ ಕಾಲದಿಂದಲೂ ಅವನ್ನು ಪ್ರೀತಿಯಿಂದ ಓದುತ್ತ ಬಂದಿದ್ದೇವೆ. ಆದರೆ ಅರಸನ ಸಿಂಹಾಸನಕ್ಕಷ್ಟೇ ಅಲ್ಲ, ಬಡವನ ಗಡಿಗೆಗೂ ಇತಿಹಾಸವುಂಟು. ಕಳ್ಳಭಟ್ಟಿ ಸರಾಯಿಯ ಮೇಲೆ ಐತಿಹಾಸಿಕ ಕಾದಂಬರಿಯೊಂದು ಬರಬೇಕು. ಅದರ ಬಿಡುಗಡೆಯೂ ರಾಜಧಾನಿಯ ಸಭಾಗೃಹದಲ್ಲಲ್ಲ, ಅಥಣಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಸತ್ತಿಯಂಥ ಊರಿನ ಕಟ್ಟೆಯ ಮೇಲೆ ಆಗಬೇಕು.

ನಗಬೇಡಿರಿ. ಭಟ್ಟಿಗೆ 'ಕಳ್ಳ' ಎಂಬ ಹೆಸರು ಅಂಟಿದ್ದು ಹೇಗೆ ಎಂದು ಒಮ್ಮೆ ಕೇಳಿಕೊಳ್ಳಿರಿ. 1878ರಲ್ಲಿ ಮುಂಬಯಿ ಇಲಾಖೆಗೆ ಅಬಕಾರಿ ಕಾಯಿದೆ ಬಂದಿತು. ಪರವಾನಗಿಗೆ ಹಣ ಕಟ್ಟಬಲ್ಲವನು ಗುತ್ತಿಗೆದಾರನಾದ, ಕಟ್ಟಲಾರದವನು ಕಳ್ಳನಾದ. ಬೆಂಕಿ ಅದೇ, ಗಡಿಗೆ ಅದೇ.

1949ರ ಕಾಯಿದೆಯ ಮೇರೆಗೆ 1950ರಲ್ಲಿ ಮುಂಬಯಿ ರಾಜ್ಯದ ತುಂಬ ದಾರೂಬಂದಿಯಾಯಿತು. ಬೆಳಗಾವಿ ಜಿಲ್ಲೆ ಆಗ ಆ ರಾಜ್ಯದಲ್ಲೇ ಇತ್ತು. ಆದರೆ ಆ ಕಾಯಿದೆಯಲ್ಲೂ ಒಂದು ಕಿಂಡಿ ಇತ್ತು: ಆರೋಗ್ಯಕ್ಕೆ ಬೇಕೆಂದು ಡಾಕ್ಟರರ ಚೀಟಿ ತಂದವನಿಗೆ ವಿದೇಶಿ ಮದ್ಯದ ಪರ್ಮಿಟ್ಟು ಸಿಗುತ್ತಿತ್ತು. ಸಾಹುಕಾರನ ಗುಟುಕು ಔಷಧ, ಕೂಲಿಯವನ ಗುಟುಕು ಅಪರಾಧ! 1956ರ ನವೆಂಬರ್ 1ಕ್ಕೆ ಜಿಲ್ಲೆ ಮೈಸೂರು ರಾಜ್ಯ ಸೇರಿತು, 1967ರಲ್ಲಿ ಆ ಸರಕಾರ ದಾರೂಬಂದಿಯನ್ನು ಸಡಿಲಿಸಿತು. ಸಡಿಲಾದದ್ದು ಗುತ್ತಿಗೆದಾರನಿಗೆ, ಗುಡಿಸಲಿನ ಗಡಿಗೆ ಕಳ್ಳಗಡಿಗೆಯಾಗಿಯೇ ಉಳಿಯಿತು. 2007ರ ಜುಲೈ 1ರಿಂದ ಸರಾಯಿಯೇ ನಿಷಿದ್ಧವಾಯಿತು, ಬಾಟಲಿಯ ವ್ಹಿಸ್ಕಿ ಮಾತ್ರ ಅಂಗಡಿಯಲ್ಲಿ ಕುಳಿತೇ ಇದೆ. ನಮ್ಮ ದೇಶದ ಅಗ್ಗದ ವ್ಹಿಸ್ಕಿಯ ಬಹುಪಾಲು ಸಕ್ಕರೆ ಕಾರಖಾನೆಯ ಕಾಕಂಬಿಯಿಂದಲೇ ಹುಟ್ಟುತ್ತದೆಂದು ಕಬ್ಬಿನ ಸೀಮೆಯವರಿಗೆ ಹೇಳಬೇಕೆ?

ಆ ವ್ಹಿಸ್ಕಿಯ ತವರಿನ ಕಥೆಯೂ ಬೇರೆಯಲ್ಲ. ಸ್ಕಾಟ್ಲಂಡದ ಕಣಿವೆಗಳಲ್ಲಿ ರೈತರು ಕದ್ದು ಭಟ್ಟಿ ಇಳಿಸುತ್ತಿದ್ದರು. 1823ರ ಕಾಯಿದೆ ತೆರಿಗೆಯನ್ನು ಇಳಿಸಿತು. ಮರುವರ್ಷ ಗ್ಲೆನ್‌ಲಿವೆಟ್ ಕಣಿವೆಯ ಜಾರ್ಜ್ ಸ್ಮಿತ್ ಪರವಾನಗಿ ಪಡೆದ. ಕಳ್ಳಭಟ್ಟಿಯ ನೆರೆಹೊರೆಯವರು ಅದಕ್ಕೇ ಕೆರಳಿದ್ದರಿಂದ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡೇ ಓಡಾಡಬೇಕಾಯಿತು. ಅಲ್ಲಿ ಆ ಕಳ್ಳರ ಮೇಲೆ ಕಥೆಗಳಿವೆ, ಹಾಡುಗಳಿವೆ. ನಮ್ಮಲ್ಲಿ ಉಳಿದಿರುವುದು ಪೊಲೀಸ್ ಪಂಚನಾಮೆಗಳಷ್ಟೇ.

ಆದರೆ ಕಾದಂಬರಿಕಾರ ಗಡಿಗೆಗೆ ಹೂಮಾಲೆ ಹಾಕಲು ಹೊರಟರೆ ಅವನ ಪುಸ್ತಕ ನಮಗೆ ಬೇಡ. ಕೊಳೆತ ಬೆಲ್ಲ, ಜಾಲಿಯ ತೊಗಟೆ, ನವಸಾಗರ: ಇದರ ವಾಸನೆ ಬಲ್ಲವರಿಗೆ ಅದರ ಫಲವೂ ಗೊತ್ತು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಬೆರೆತ ಸರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು, ಬಹುತೇಕ ದುಡಿಯುವ ಬಡವರೇ. 2008ರ ಮೇಯಲ್ಲಿ ಅದೇ ಪಾಠ ಮತ್ತೆ. ಪಗಾರದ ಸಂಜೆ ಗಿರಣಿಯ ಗೇಟಿನಿಂದ ಮನೆಯ ಬಾಗಿಲವರೆಗಿನ ದಾರಿ ಎಷ್ಟು ಉದ್ದ ಎಂಬುದನ್ನು ಗಿರಣಿ ಕಾಮಗಾರರ ಹೆಂಡಂದಿರನ್ನು ಕೇಳಬೇಕು. ಕಿರಾಣಿ ಅಂಗಡಿಯವರೂ ಈ ಕಥೆಯ ಹೊರಗಿನವರಲ್ಲ: ಬೆಲ್ಲ, ನವಸಾಗರ ತೂಗಿ ಕೊಟ್ಟ ತಕ್ಕಡಿಯೂ, ಕುಡಿದವನ ಮನೆಯ ಜೋಳದ ಉದ್ರಿ ವಸೂಲಾಗದ ಖಾತೆಯೂ ಒಂದೇ ಅಂಗಡಿಯಲ್ಲಿ ಇದ್ದಾವು. ಇದನ್ನು ಓದಿ ಯಾರಿಗಾದರೂ ಮುಜುಗರವಾದರೆ ಆಗಲಿ.

ಕಾದಂಬರಿಯ ನಡುವೆ ನಿಲ್ಲಬೇಕಾದವಳು ಭಟ್ಟಿಯ ಮುಂದೆ ಕುಳಿತ ಹೆಂಗಸು. ಗಂಡನ ಕುಡಿತದಿಂದ ಹಾಳಾಗಿ, ಮಕ್ಕಳ ರೊಟ್ಟಿಗಾಗಿ ಅದೇ ಸರಾಯಿ ಇಳಿಸಿ, ಫೌಜದಾರನ ಕೈಗೆ ಸಿಕ್ಕವಳು. ಅವಳು ಪಾಪಿಯೋ, ಬಲಿಯೋ? ಭಾಷಣದಲ್ಲಿ ಇದಕ್ಕೆ ಉತ್ತರ ಸಿಗದು. ಮುನ್ನೂರು ಪುಟದ ಕಾದಂಬರಿ ಬೇಕು. ನಮ್ಮದೇ ಜಿಲ್ಲೆಯ ಬಸವರಾಜ ಕಟ್ಟೀಮನಿಯವರು 1942ರ ಚಳವಳಿಯ ಜನರ ಮೇಲೆ 'ಮಾಡಿ ಮಡಿದವರು' ಬರೆದರು. ನಿನ್ನೆ ಮೊನ್ನೆಯದೂ ಇತಿಹಾಸವೇ ಎಂದು ಅವರಿಗೆ ತಿಳಿದಿತ್ತು.

1950ರಲ್ಲಿ ಇಪ್ಪತ್ತು ವಯಸ್ಸಿನವರಾಗಿದ್ದವರು ಈಗ ತೊಂಬತ್ತು ದಾಟಿದ್ದಾರೆ. ಬರೆಯುವವರು ಯಾರೇ ಇರಲಿ, ಈ ಬೇಸಿಗೆಯೊಳಗೆ ಬಂದು ಆ ಮುದುಕಿಯರ ಪಡಸಾಲೆಯಲ್ಲಿ ಕೂಡಲಿ. ಪುಸ್ತಕದ ಬೆಲೆ ಕೂಲಿಯವನ ಕೈಗೆಟಕುವಂತಿರಲಿ. ಮೊದಲ ಪ್ರತಿಯನ್ನು ಮಂತ್ರಿಯ ಕೈಗಲ್ಲ, ಅವರಲ್ಲೊಬ್ಬಳ ಕೈಗೆ ಕೊಡಲಿ.