ಸಹನೆಯ ಬೆಲೆ ತೆತ್ತವರು

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ವಿಭೂತಿ ಬುಧವಾರ ಕಳೆದು ಕ್ರೈಸ್ತರ ತಪಸ್ಸುಕಾಲ ನಡೆದಿರುತ್ತದೆ. ಪಶ್ಚಾತ್ತಾಪದ ಮಾತು ಬಂದಾಗಲೆಲ್ಲ ನರಕದ ಬೆಂಕಿಯನ್ನು ಮುಂದಿಡುವುದು ಸುಲಭ. ರೋಮಾಪುರದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಪೌಲ ಹಿಡಿಯುವ ದಾರಿ ಬೇರೆ. ಅವನ ಪ್ರಕಾರ ಮನುಷ್ಯನನ್ನು ತಿರುಗಿ ಕರೆಯುವುದು ದೇವರ ಒಳ್ಳೆಯತನ. ಶಿಕ್ಷೆ ತಡವಾದರೆ ಅದು ತಿದ್ದಿಕೊಳ್ಳಲು ಸಿಕ್ಕ ಕಾಲಾವಕಾಶ. ಅದನ್ನು ಸಲಿಗೆಯೆಂದು ಬಗೆದವನು ಕೆಟ್ಟ. ಪೌಲ ಇದನ್ನು ಹೇಳುವುದು ಕಳ್ಳಕಾಕರಿಗಲ್ಲ, ಪರರ ತಪ್ಪಿಗೆ ತೀರ್ಪು ಕೊಡುತ್ತ ಕೂತ ಸಂಭಾವಿತರಿಗೆ. ಪತ್ರಿಕಾ ಸಂಪಾದಕರೂ ಆ ಪೈಕಿಯವರೇ.

ಈ ಸಹನೆಗೆ ಸಾಕ್ಷಿಯಾಗಿ ಪ್ರಸಂಗಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ಜಾನ್ ನ್ಯೂಟನ್, 'ಅಮೇಜಿಂಗ್ ಗ್ರೇಸ್' ಹಾಡು ಬರೆದವನು. ಗುಲಾಮರ ವ್ಯಾಪಾರದ ನಂಟಿದ್ದ ಒರಟು ನಾವಿಕ; 1748ರ ಮಾರ್ಚ್‌ನಲ್ಲಿ ಬಿರುಗಾಳಿಗೆ ಸಿಕ್ಕಿ ದೇವರನ್ನು ಕೂಗಿದ, ಬದುಕಿ ಬಂದ, ಪಾದ್ರಿಯಾದ, ಹಾಡು ಕಟ್ಟಿದ. ಕಥೆ ಚೆಂದವಾಗಿದೆ. ಇಸವಿಗಳನ್ನು ಒತ್ತಟ್ಟಿಗೆ ಇಟ್ಟು ನೋಡಿದರೆ ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ನ್ಯೂಟನ್ ಗುಲಾಮರ ಹಡಗಿಗೆ ಕಪ್ತಾನನಾದದ್ದೇ ಆ ಬಿರುಗಾಳಿಯ ನಂತರ. 1750ರಿಂದ 1754ರೊಳಗೆ ಮೂರು ಸಲ ಹಡಗು ನಡೆಸಿದ. ಭಾನುವಾರ ನಾವಿಕರನ್ನು ಕೂಡಿಸಿ ಪ್ರಾರ್ಥನೆ ಮಾಡಿಸುತ್ತಿದ್ದ. ಹಡಗಿನಲ್ಲಿ ಸತ್ತ ಆಫ್ರಿಕನ್ನರನ್ನು ದಿನಚರಿಯಲ್ಲಿ ಹೆಸರಿಲ್ಲದೆ, ಬರೀ ಸಂಖ್ಯೆ ಹಾಕಿ ದಾಖಲಿಸುತ್ತಿದ್ದ. ಆ ಕಸುಬು ಬಿಟ್ಟದ್ದು ಕೂಡ ಕಾಯಿಲೆ ಬಿದ್ದು, ಮನಸ್ಸು ಚುಚ್ಚಿ ಅಲ್ಲ. 1764ರ ಆತ್ಮಕಥನದಲ್ಲಿ ದೇವರು ತನ್ನನ್ನು ಎಷ್ಟು ತಾಳಿಕೊಂಡ ಎಂದು ಬೆರಗುಪಡುವ ಈ ಮನುಷ್ಯ, ಆ ವ್ಯಾಪಾರ ಆಗ ತನಗೆ ತಪ್ಪೆನಿಸಿರಲಿಲ್ಲ ಎಂದೂ ಬರೆಯುತ್ತಾನೆ.

ಅದು ತಪ್ಪೆಂದು ಕಿರುಹೊತ್ತಗೆಯೊಂದನ್ನು ಅಚ್ಚುಹಾಕಿಸಿ ಒಪ್ಪಿಕೊಂಡದ್ದು 1788ರಲ್ಲಿ. ಅಷ್ಟರಲ್ಲಿ ಕ್ವೇಕರ್ ಪಂಥದ ಕ್ರೈಸ್ತರು ಆ ವ್ಯಾಪಾರದ ವಿರುದ್ಧ ಬ್ರಿಟಿಷ್ ಪಾರ್ಲಿಮೆಂಟಿಗೆ ಮನವಿ ಕೊಟ್ಟು ಐದು ವರ್ಷವಾಗಿತ್ತು. ಆ ಕಿರುಹೊತ್ತಗೆಯಲ್ಲಿ ಬಿರುಗಾಳಿಗೆ ಜಾಗವಿಲ್ಲ, ಹಡಗಿನ ಕೆಳ ಅಂತಸ್ತಿಗೆ ಇದೆ. ಸುಮಾರು ಐದಡಿ ಎತ್ತರದ ಜಾಗ. ನಡುವೆ ಹಲಗೆ ಬಡಿದು ಎರಡು ಅಟ್ಟಣಿಗೆ. ಇಬ್ಬಿಬ್ಬರನ್ನು ಸೇರಿಸಿ ಕೈಗೆ, ಕಾಲಿಗೆ ಬೇಡಿ. ಬೆಳಿಗ್ಗೆ ನೋಡಿದರೆ ಒಂದೇ ಬೇಡಿಯಲ್ಲಿ ಒಬ್ಬ ಹೆಣವಾಗಿ, ಇನ್ನೊಬ್ಬ ಜೀವಂತವಾಗಿ ಸಿಕ್ಕಿದ್ದೂ ಉಂಟಂತೆ. ನ್ಯೂಟನ್‌ನ ನಿಜವಾದ ಮಾನಸಾಂತರ ಇಲ್ಲಿಂದ ಶುರುವಾಯಿತು ಎಂದೇ ನನ್ನ ಎಣಿಕೆ. ಬಿರುಗಾಳಿಯಲ್ಲಿ ಅವನು ಕಂಡದ್ದು ತನ್ನ ಪ್ರಾಣವನ್ನು. ನೆತ್ತಿ ನೆರೆತ ಮೇಲೆ, ತನಗೆ ಸಿಕ್ಕ ಕಾಲಾವಕಾಶದ ಉದ್ದಕ್ಕೂ ಬೆಲೆ ತೆತ್ತವರು ಯಾರೆಂದು ಕಂಡ.

ಇಂಥ ಕಾಲಾವಕಾಶದ ಬಗ್ಗೆಯೇ ಲೂಕನ ಸುವಾರ್ತೆಯಲ್ಲಿ ಕಾಯಿ ಬಿಡದ ಅಂಜೂರದ ಮರದ ಸಾಮತಿಯೊಂದಿದೆ. ಮೂರು ವರ್ಷ ಕಾದ ಒಡೆಯ ಕಡಿದುಹಾಕು ಎನ್ನುತ್ತಾನೆ. ತೋಟಗಾರ ಇನ್ನೊಂದು ವರ್ಷ ಕೇಳಿಕೊಳ್ಳುತ್ತಾನೆ. ಒಡೆಯನನ್ನು ನಾವು ನಿರ್ದಯಿ ಎಂದು ಓದಿಬಿಡುತ್ತೇವೆ. ಈ ಮರಕ್ಕಾಗಿ ನೆಲ ಯಾಕೆ ಹಾಳಾಗಬೇಕು ಎಂಬ ಅವನ ತಕರಾರು, ಬೇಸಾಯ ಗೊತ್ತಿದ್ದವರಿಗೆ, ತಳ್ಳಿಹಾಕುವಂಥದ್ದಲ್ಲ. ತೋಟಗಾರನೂ ಮರವನ್ನು ಅದರ ಪಾಡಿಗೆ ಬಿಡು ಎನ್ನುವುದಿಲ್ಲ. ಬುಡ ಅಗೆದು ಗೊಬ್ಬರ ಹಾಕುವ ಕೆಲಸವನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ. ಮರ ಫಲ ಕೊಟ್ಟಿತೋ ಇಲ್ಲವೋ ಯೇಸು ಹೇಳುವುದಿಲ್ಲ.

ನಮ್ಮ ದಕ್ಷಿಣದ ಸಭೆಗಳೂ ದೇವರ ಸಹನೆಯನ್ನು ಧಾರಾಳವಾಗಿ ಬಳಸಿಕೊಂಡಿವೆ. ನೆರೆಯ ತಮಿಳುನಾಡಿನ ಕೆಲವು ಊರುಗಳಲ್ಲಿ ಒಂದೇ ಶಿಲುಬೆಗೆ ಕೈಮುಗಿಯುವವರು ಸತ್ತರೆ ಜಾತಿ ನೋಡಿ ಬೇರೆ ಬೇರೆ ಕಡೆ ಹೂಳುವ ರೂಢಿ ಕಂಡಿದ್ದೇವೆ. ಮದುವೆ ಸಂಬಂಧ ಕುದುರಿಸುವಾಗ ಕನ್ನಡ ಕ್ರೈಸ್ತರ ಮನೆಗಳಲ್ಲೂ ಜಾತಿ ಸದ್ದಿಲ್ಲದೆ ಎದ್ದು ಕೂರುತ್ತದೆ. ತಪಸ್ಸುಕಾಲದಲ್ಲಿ ಮಾಂಸ ಬಿಟ್ಟದ್ದು, ಸಿಟ್ಟು ಬಿಟ್ಟದ್ದು, ಮೊಬೈಲ್ ಬಿಟ್ಟದ್ದು ಎಲ್ಲ ಪಾಪನಿವೇದನೆಯ ಲೆಕ್ಕಕ್ಕೆ ಬರುತ್ತದೆ. ಜಾತಿ ಬರುವುದು ಅಪರೂಪ. ಎಷ್ಟು ಕಾಲ ಕಾಯಬೇಕು ಎಂದು ದಲಿತ ಕ್ರೈಸ್ತರು ಕೇಳುತ್ತಿರುವುದು ದೇವರನ್ನಲ್ಲ, ಪಕ್ಕದ ಬೆಂಚಿನವರನ್ನು.